ಡಿ’ಸೋಜಾ ಬಂದರೆ ಪ್ರೋಗ್ರಾಂ ಯಾಕೆ ಬೀಳುತ್ತದೆ?

ಪ್ರಶ್ನೆ: ಹೊನ್ನಾವರದ ನಮ್ಮ ಕಿರಾಣಿ ಅಂಗಡಿಗೆ ಲಾಜರಸ್ ಎಂಬ ಪ್ರೋಗ್ರಾಂ ಬರೆಯುವ ಸಾಧನದಲ್ಲಿ ಉದ್ರಿ ಲೆಕ್ಕದ ಪ್ರೋಗ್ರಾಂ ಬರೆದಿದ್ದೇನೆ. ಡೇಟಾಬೇಸ್ ಎಸ್‌ಕ್ಯೂಲೈಟ್. ಬೇರೆಲ್ಲ ಗಿರಾಕಿಗಳ ಹೆಸರು ಸೇವ್ ಆಗುತ್ತದೆ. ಡಿ’ಸೋಜಾ ಎಂದು ಹಾಕಿದರೆ ಮಾತ್ರ ‘ಸಿಂಟ್ಯಾಕ್ಸ್ ಎರರ್’. ಡೇಟಾಬೇಸಿಗೆ ಕ್ವೆರಿ, ಅಂದರೆ ಆದೇಶ, ಕಳಿಸುವ ಎಸ್‌ಕ್ಯೂಎಲ್‌ಕ್ವೆರಿ ಕಾಂಪೊನೆಂಟೇ ಸರಿ ಇಲ್ಲವೇ?

ಉತ್ತರ: ಕಾಂಪೊನೆಂಟ್ ಸರಿಯಾಗಿದೆ. ನೀವು ಎಡಿಟ್ ಬಾಕ್ಸಿನ ಹೆಸರನ್ನು ಪ್ಲಸ್ ಹಾಕಿ ಕ್ವೆರಿಗೆ ಅಂಟಿಸಿದ್ದೀರಿ, ಅಲ್ವಾ? ಹೆಸರಿನ ನಡುವಿನ ಅಪಾಸ್ಟ್ರಫಿ ಬಂದ ಕೂಡಲೇ ಪಠ್ಯ ಮುಗಿಯಿತು ಎಂದು ಡೇಟಾಬೇಸ್ ತಿಳಿಯುತ್ತದೆ. ಉಳಿದ ‘ಸೋಜಾ’ ಅದಕ್ಕೆ ಅರ್ಥವಾಗದ ಆದೇಶ. ಡಿ’ಸೋಜಾ, ಡಿ’ಕೋಸ್ಟಾ ಇಲ್ಲದ ಊರು ನಮ್ಮ ಕರಾವಳಿಯಲ್ಲಿ ಎಲ್ಲಿದೆ? ಆದರೂ ಈ ಪ್ರಶ್ನೆ ಬರುವುದು ನಿಲ್ಲುವುದಿಲ್ಲ.

ಮದ್ದು ಪ್ಯಾರಾಮೀಟರ್, ಅಂದರೆ ಕ್ವೆರಿಯಲ್ಲಿ ಆಮೇಲೆ ತುಂಬಲು ಬಿಟ್ಟ ಜಾಗ. ಕ್ವೆರಿಯಲ್ಲಿ ಗಿರಾಕಿಯ ಹೆಸರು ಬರುವ ಜಾಗಕ್ಕೆ ಕೋಲನ್ ಹಾಕಿ :ಗಿರಾಕಿ ಎಂಬಂತೆ ಒಂದು ಹೆಸರು ಕೊಡಿ. ಆಮೇಲೆ ಪ್ಯಾರಮ್‌ಬೈನೇಮ್ ಬಳಸಿ ಆಸ್‌ಸ್ಟ್ರಿಂಗ್‌ಗೆ ಎಡಿಟ್ ಬಾಕ್ಸಿನ ಪಠ್ಯ ತುಂಬಿ. :ಗಿರಾಕಿ ಸುತ್ತ ಕೋಟ್ ಹಾಕಬೇಡಿ. ಹಾಕಿದರೆ ಅದು ಬರೀ ಅಕ್ಷರ, ಪ್ಯಾರಾಮೀಟರ್ ಅಲ್ಲ. ಹೆಸರಿನ ತುಣುಕಿನಿಂದ ಲೈಕ್ ಹಾಕಿ ಹುಡುಕುವಾಗ ‘ಇಲ್ಲಿ ಏನಿದ್ದರೂ ಸರಿ’ ಎನ್ನುವ ಶೇಕಡಾ ಚಿಹ್ನೆಯನ್ನು ಕ್ವೆರಿಯಲ್ಲಿ ಅಲ್ಲ, ತುಂಬುವ ಪಠ್ಯದಲ್ಲೇ ಸೇರಿಸಿ. ಟೇಬಲ್ ಹೆಸರು, ಕಾಲಂ ಹೆಸರು ಹೀಗೆ ಕೊಡಲು ಆಗುವುದಿಲ್ಲ, ಸುಮ್ನೆ ಪ್ರಯತ್ನ ಬೇಡ. ತಾರೀಕಿಗೆ ಆಸ್‌ಡೇಟ್‌ಟೈಮ್ ಬಳಸಿ. 03/04 ಅಂದರೆ ಏಪ್ರಿಲ್ 3ರೋ ಮಾರ್ಚ್ 4ರೋ ಎಂಬ ರಗಳೆಯೂ ಮುಗಿಯುತ್ತದೆ.

‘ಅಪಾಸ್ಟ್ರಫಿ ಟೈಪ್ ಆಗದಂತೆ ತಡೆಯಿರಿ’ ಎಂದು ಕ್ಲಾಸಿನಲ್ಲಿ ಹೇಳಿಕೊಡುವವರಿದ್ದಾರೆ. ಪ್ರೋಗ್ರಾಂ ಬರೆಯಲು ಬಾರದ್ದಕ್ಕೆ ಗಿರಾಕಿ ಹೆಸರು ಬದಲಿಸಿಕೊಳ್ಳಬೇಕೇ? ‘ಪ್ಯಾರಾಮೀಟರ್ ಹಾಕಿದರೆ ಸ್ಲೋ’ ಎನ್ನುವುದೂ ಸುಳ್ಳು. ಒಂದೇ ಕ್ವೆರಿಯನ್ನು ಪ್ರಿಪೇರ್ ಮಾಡಿಟ್ಟು (ಮೊದಲೇ ಸಿದ್ಧಪಡಿಸಿ) ನೂರು ಸಲ ಓಡಿಸಿದರೆ ಕೆಲಸ ಹಗುರವೇ ಆಗುತ್ತದೆ. ಇದೇನು ಹೊಸ ವಿದ್ಯೆಯೂ ಅಲ್ಲ. ಲಾಜರಸ್ ಅನುಸರಿಸುವ ಡೆಲ್ಫಿಯ 1995ರ ಮೊದಲ ಆವೃತ್ತಿಯ ಟಿಕ್ವೆರಿ ಕಾಂಪೊನೆಂಟಿನಲ್ಲೇ ಇತ್ತು.

‘ಅಂಗಡಿಯಲ್ಲಿ ನೆಟ್ ಇಲ್ಲ, ಹ್ಯಾಕಿಂಗ್ ಭಯ ಯಾಕೆ’ ಅಂತೀರಾ? ಹೆಸರನ್ನು ಪ್ಲಸ್ ಹಾಕಿ ಅಂಟಿಸಿದ ಡಿಲೀಟ್ ಕ್ವೆರಿಗೆ ಯಾರಾದರೂ x' or '1'='1 ಎಂದು ಟೈಪ್ ಮಾಡಿದರೆ, ಒಂದು ಒಂದಕ್ಕೆ ಸಮ ಎಂಬುದು ಎಲ್ಲ ಸಾಲಿಗೂ ನಿಜವಾದ್ದರಿಂದ, ಪೂರ್ತಿ ಉದ್ರಿ ಲೆಕ್ಕ ಖಾಲಿ. ನಾನಂತೂ ಕೈಯಾರೆ ಡಿಲೀಟ್ ಓಡಿಸುವ ಮೊದಲು ಅದೇ ವೇರ್ (ಯಾವ ಸಾಲು ಎಂಬ ಷರತ್ತು) ಇಟ್ಟು ಸೆಲೆಕ್ಟ್ ಮಾಡಿ, ಯಾವ ಸಾಲು ಬರುತ್ತದೆ ಎಂದು ನೋಡುತ್ತೇನೆ. ಫೈಲಿನ ಕಾಪಿಯನ್ನೂ ಇಟ್ಟುಕೊಳ್ಳುತ್ತೇನೆ.

ಪ್ರಶ್ನೆ: ಶಿರಸಿಯಲ್ಲಿ ಅಡಿಕೆ ವ್ಯಾಪಾರ. ಚಾಲಿ, ರಾಶಿ ದರ ಗ್ರಿಡ್‌ನಲ್ಲಿ ತುಂಬುತ್ತೇನೆ. ಮರುದಿನ ಮಾಯ.

ಉತ್ತರ: ಪೋಸ್ಟ್ ಮಾಡಿದ್ದು ಮೆಮೊರಿಯಲ್ಲೇ ಇರುತ್ತದೆ. ಅದಾದ ಮೇಲೆ ಅದನ್ನು ಡೇಟಾಬೇಸಿಗೆ ಕಳಿಸುವ ಅಪ್ಲೈಅಪ್‌ಡೇಟ್ಸ್, ಆಮೇಲೆ ಖಾಯಂ ಮಾಡುವ ಟ್ರಾನ್ಸಾಕ್ಷನ್‌ನ ಕಮಿಟ್. ಎರಡೂ ಬೇಕು.

ಪ್ರಶ್ನೆ: ಇನ್ಸರ್ಟ್ ಕ್ವೆರಿಗೆ ಓಪನ್ ಕೊಟ್ಟರೆ ಎರರ್ ಬರುತ್ತದೆ. (ಕಾರವಾರ)

ಉತ್ತರ: ಬರಲೇಬೇಕು. ಓಪನ್ ಇರುವುದು ಸಾಲು ತರುವ ಸೆಲೆಕ್ಟ್‌ಗೆ, ಉಳಿದದ್ದಕ್ಕೆ ಎಕ್ಸೆಕ್‌ಎಸ್‌ಕ್ಯೂಎಲ್.

ಪ್ರಶ್ನೆ: ನೂರಾರು ಎಂಟ್ರಿ ಇದ್ದರೂ ರೆಕಾರ್ಡ್‌ಕೌಂಟ್ 10 ಅನ್ನುತ್ತದೆ. (ಕುಮಟಾ)

ಉತ್ತರ: ಅದು ತಂದಷ್ಟನ್ನೇ ಎಣಿಸುತ್ತದೆ. ಒಂದು ಕಂತಿಗೆ 10 ಸಾಲು ತರುತ್ತದೆ. ಎಲ್ಲ ಸಾಲೂ ಒಮ್ಮೆಗೇ ಬರಲು ಪ್ಯಾಕೆಟ್‌ರೆಕಾರ್ಡ್ಸ್ -1 ಮಾಡಿ, ಇಲ್ಲವೇ ಸೆಲೆಕ್ಟ್ ಕೌಂಟ್ ಬರೆಯಿರಿ.

ಪ್ರಶ್ನೆ: ಡೆಲ್ಫಿಯ ಕ್ರ್ಯಾಕ್ ಎಲ್ಲಿ ಸಿಗುತ್ತದೆ?

ಉತ್ತರ: ಲಾಜರಸ್ ಪುಕ್ಕಟೆ ಸಿಗುತ್ತದೆ. ಮುಂದಿನ ಪ್ರಶ್ನೆ ಕಳಿಸಿ.