‘ತಾಡಪತ್ರಿ’ ಕತೆ ಕಳಿಸಿದವರಿಗೆ

ನಮಸ್ಕಾರ. ಕತೆ ಓದಿದೆವು, ಈಗಿರುವ ಹಾಗೆ ಅಚ್ಚಿಗೆ ಬರುವುದಿಲ್ಲ. ಕುಮಟಾ–ಅಂಕೋಲಾ ನಡುವೆ ಹೆದ್ದಾರಿ ಕೆಲಸಕ್ಕೆ ಬಂದ ಕೊಪ್ಪಳದ ಐದು ಸಂಸಾರಗಳನ್ನು ಆರಿಸಿಕೊಂಡಿದ್ದು ಸರಿಯೇ. ಆದರೆ ಎರಡನೇ ಪುಟದಲ್ಲಿ ಗಂಗವ್ವ ಹೊಸ ಸೊಸೆಯನ್ನು ಕೂರಿಸಿಕೊಂಡು ಜೋಪಡಿಯ ಒಂಬತ್ತು ಕಟ್ಟಳೆ ಒಪ್ಪಿಸುತ್ತಾಳೆ. ಅಂಥದ್ದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸೊಸೆ ತಪ್ಪಬೇಕು, ಸುತ್ತಲಿನವರು ತಟ್ಟನೆ ಸುಮ್ಮನಾಗಬೇಕು.

ಜೋಪಡಿಗೆ ಬಾಗಿಲಿಲ್ಲ, ಹಳೇ ಸೀರೆಯ ಪರದೆ. ಅದಕ್ಕೇ ಬಂದವರು ನಾಲ್ಕು ಮಾರು ಆಚೆ ನಿಂತು ಕೆಮ್ಮುತ್ತಾರೆ, ಇಲ್ಲವೇ ಮಗುವಿನ ಹೆಸರು ಹಿಡಿದು ಕೂಗುತ್ತಾರೆ. ನಿಮ್ಮ ಮೇಸ್ತ್ರಿ ಸೀದಾ ಪರದೆ ಸರಿಸಿ ಒಳನುಗ್ಗಿ ಬಟವಾಡೆ ಕೊಡುತ್ತಾನೆ! ಕತೆಯ ಜೀವ ಅಲ್ಲೇ ಇತ್ತು, ಅರ್ಧ ಸಾಲಿನಲ್ಲಿ ದಾಟಿಸಿಬಿಟ್ಟಿರಿ.

ನೀರಿನ ಜಗಳ ತಿರುವುಮುರುವಾಗಿದೆ. ಬಾವಿ ಊರವರದು. ಒಬ್ಬಳು ಬಾವಿಕಟ್ಟೆಯ ಮೇಲೆ ಬಟ್ಟೆ ಒಗೆದರೆ ಐದೂ ಸಂಸಾರಕ್ಕೆ ನೀರು ನಿಂತೀತು. ಹಾಗಾಗಿ ಅವಳನ್ನು ಮೊದಲು ಬೈಯುವವಳು ಪಕ್ಕದ ಜೋಪಡಿಯವಳೇ. ಬಾವಿಯ ಕಡೆಯ, ಊರಿನ ಮನೆಯೊಡತಿಯ ಸರದಿ ಆಮೇಲೆ.

‘ಎಂತಕ್ಕೆ’ ಎಂಬುದು ನಮ್ಮ ಕಡೆಯ ಮಾತು, ಅದು ಮನೆಯೊಡತಿಗೇ ಇರಲಿ. ಗಂಗವ್ವ ‘ಯಾಕ್ರೀ ಅಕ್ಕಾರ’ ಅಂದಾಳು. ಅವಳ ಒಲೆಯ ಮೇಲೆ ಕುಚ್ಚಲಕ್ಕಿ ಗಂಜಿಯೂ ಬೇಡ. ಊರಿಂದ ಜೋಳದ ಹಿಟ್ಟು ತಂದಿರುತ್ತಾಳೆ. ಹಿಟ್ಟು ಹಳತಾದರೆ ಜಿಗಿ ಹೋಗಿ, ಬಡಿಯುವಾಗ ರೊಟ್ಟಿಯ ಅಂಚು ಬಿರಿಯುತ್ತದೆ. ಕಡ ತಂದ ಹೊಸ ಹಿಟ್ಟನ್ನು ಇಂಥ ಹಿಟ್ಟಿನಿಂದ ತೀರಿಸಿದವಳ ಬುಟ್ಟಿ ಮುಂದಿನ ಸಲ ಖಾಲಿಯೇ ವಾಪಸು ಬರುತ್ತದೆ. ಇದರ ಮೇಲೊಂದು ಪುಟ ಬರೆಯಿರಿ.

ಕತೆಯ ಕಾಲ ಜುಲೈ. ಜೂನಿನಲ್ಲೇ ಮಿರಗದ (ಮೃಗಶಿರಾ) ಮಳೆ ಬಿದ್ದರೆ ಹೊಲವಿದ್ದವರು ಬಿತ್ತನೆಗೆ ಊರು ಸೇರುತ್ತಾರೆ; ಇವರೇಕೆ ಉಳಿದರು? ಮುಂಗಡ ತೀರಿಲ್ಲ ಅಂತಲಾದರೂ ಬೇಕು. ಹಾಗಿದ್ದರೆ ರಾತ್ರೋರಾತ್ರಿ ಬಸ್ ಹತ್ತುವ ಕೊನೆಯೂ ನಿಲ್ಲದು: ಓಡಿಹೋದವನ ಬಾಕಿ ಜಾಮೀನು ನಿಂತ ನೆಂಟನ ತಲೆಗೆ ಬರುತ್ತದೆ, ಆ ನೆಂಟ ಮೂರನೇ ಜೋಪಡಿಯಲ್ಲೇ ಇದ್ದಾನೆ. ಇನ್ನು, ಕಡಿದ ಗುಡ್ಡದ ಬುಡದಲ್ಲಿ ಮಳೆಗಾಲದ ಬಿಡಾರ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಇದೇ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದನ್ನು ಕಂಡ ಓದುಗರು ಆ ಸಾಲು ದಾಟಿ ಮುಂದೆ ಹೋಗುವುದಿಲ್ಲ. ಜಾಗ ಬದಲಿಸಿ, ಇಲ್ಲವೇ ಆ ಭಯವನ್ನೇ ಬರೆಯಿರಿ.

ಹನ್ನೆರಡು ಪುಟ ಏಳಕ್ಕಿಳಿಸಿ ಮತ್ತೆ ಕಳಿಸಿ. ಗಂಗವ್ವನ ಭಾಷಣ ಮೊದಲು ಹೋಗಲಿ.