ಒಂದೇ ಟಿಕೆಟ್, ಹಲವು ಕಂಪನಿಗಳು: ಹಣ ಹಂಚುವುದು ಹೇಗೆ?

ಮಾನ್ಯರೇ,

ನಮ್ಮ ಕರಾವಳಿಯ ಮಾರ್ಗದಲ್ಲಿ ಮುಂದೆ ಎರಡು ಮೂರು ಕಂಪನಿಗಳು ರೈಲು ಓಡಿಸಿದರೆ, ಯಾವ ರೈಲನ್ನಾದರೂ ಹತ್ತಬಹುದಾದ ಟಿಕೆಟಿನ ಹಣ ಯಾರಿಗೆ ಸೇರಬೇಕು, ಅದಕ್ಕಿಂತ ಖಾಸಗಿ ಬಸ್ಸುಗಳವರಂತೆ ಅವರವರ ಟಿಕೆಟ್ ಅವರವರೇ ಮಾರುವುದು ನೇರವಲ್ಲವೇ ಎಂದು ಕುಮಟಾದಿಂದ ಕೇಳಿದ್ದೀರಿ.

ಇಂದು ಮತ್ಸ್ಯಗಂಧದಂಥ ರೈಲು ಮಧ್ಯ ರೈಲ್ವೆಯ ಹಳಿಯಿಂದ ರೋಹಾದಲ್ಲಿ ಕೊಂಕಣ ರೈಲ್ವೆಯ ಹಳಿಗೆ ಬಂದಾಗ ಆದಾಯ ಮುಖ್ಯವಾಗಿ ದೂರದ ಲೆಕ್ಕದಲ್ಲಿ ಹಂಚಿಕೆಯಾಗುತ್ತದೆ. ಪ್ರಯಾಣಿಕ ಹತ್ತಿದ ರೈಲು ಯಾವುದೆಂದು ಗೊತ್ತಿರುವುದರಿಂದ ಅದು ಸುಲಭ. ತಾವು ಕೇಳಿದ್ದು ಬೇರೆಯೇ ತೊಡಕು, ಮತ್ತು ಅದನ್ನು ದೀರ್ಘಕಾಲ ಅನುಭವಿಸಿದ ದೇಶ ಬ್ರಿಟನ್.

1993ರ ಕಾಯ್ದೆಯಿಂದ ಅಲ್ಲಿನ ರೈಲ್ವೆ ಹಲವು ಕಂಪನಿಗಳ ಪಾಲಾದರೂ, ಎಲ್ಲರ ರೈಲಿಗೂ ಸಲ್ಲುವ ಟಿಕೆಟನ್ನು ಉಳಿಸಿಕೊಳ್ಳಲಾಯಿತು. ಆದರೆ ಅಂಥ ಟಿಕೆಟ್ ಕೊಂಡವರು ಯಾವ ರೈಲು ಹತ್ತಿದರೆಂದು ದಾಖಲಾಗುವುದಿಲ್ಲವಾದ್ದರಿಂದ, ಆರ್ಕ್ಯಾಟ್ಸ್ ಎಂಬ ಗಣಕ ವ್ಯವಸ್ಥೆಯು ವೇಳಾಪಟ್ಟಿ, ಪ್ರಯಾಣದ ಅವಧಿ, ರೈಲು ಬದಲಿಸಬೇಕೇ ಇಲ್ಲವೇ ಎಂಬುದನ್ನೆಲ್ಲ ನೋಡಿ, ಎಷ್ಟು ಜನ ಯಾವ ರೈಲನ್ನು ಆಯ್ದುಕೊಂಡಿರಬಹುದೆಂದು ಅಂದಾಜಿಸಿ ಹಣ ಹಂಚುತ್ತದೆ. ಒಂದೇ ಕಂಪನಿಗೆ ಸೀಮಿತವಾದ ಟಿಕೆಟಿನ ಹಣ ಮಾತ್ರ ಪೂರ್ತಿಯಾಗಿ ಆ ಕಂಪನಿಗೇ ಹೋಗುತ್ತದೆ.

ಹಂಚಿಕೆಯ ಅಂದಾಜು ವೇಳಾಪಟ್ಟಿಯನ್ನೇ ನಂಬಿಕೊಂಡರೆ ವೇಳಾಪಟ್ಟಿಯೇ ಹಣ ಗಳಿಸುವ ಉಪಾಯವಾಗುತ್ತದೆ. ತುಂಬಿ ಹೋಗುವ ಎಂಟು ಗಂಟೆಯ ರೈಲಿಗೆ ಹತ್ತು ನಿಮಿಷ ಮೊದಲು ಇನ್ನೊಂದು ಕಂಪನಿಯು ಎರಡೇ ಬೋಗಿಗಳ ರೈಲು ಬಿಟ್ಟರೆ, ಅದನ್ನು ಹತ್ತುವವರು ಕಡಿಮೆಯಿದ್ದರೂ ಹಣದಲ್ಲಿ ಪಾಲು ಸಿಗುತ್ತದೆ. ಅಲ್ಲಿನವರು ಇದನ್ನು ಆರ್ಕ್ಯಾಟ್ಸ್ ದಾಳಿ ಎನ್ನುತ್ತಾರೆ. ಹೊಸ ಜನರನ್ನು ರೈಲಿಗೆ ತರದೆ ಇದ್ದ ಹಣವನ್ನೇ ಕಸಿಯುವ ಇಂಥ ಓಟ ಹಳಿಯ ಮೇಲಿನ ಜಾಗವನ್ನೂ ವ್ಯರ್ಥ ಮಾಡುತ್ತದೆ. ಏಕಪಥವೇ ಹೆಚ್ಚಿರುವ ನಮ್ಮ ಮಾರ್ಗದಲ್ಲಿ ಅದು ಅಕ್ಷಮ್ಯ. ಸರ್ಕಾರದ ಗುತ್ತಿಗೆಯಿಲ್ಲದೆ ಸ್ವತಂತ್ರವಾಗಿ ಬರುವ ಕಂಪನಿಯು ಇತರರಿಂದ ಕಸಿಯುವ ಪ್ರತಿ ಪೌಂಡಿಗೆ ಕನಿಷ್ಠ 30 ಪೆನ್ನಿಯಷ್ಟು (ಅಂದರೆ ಪೌಂಡಿನ ನೂರರಲ್ಲಿ ಮೂವತ್ತು ಪಾಲು) ಹೊಸ ಆದಾಯ ತರಬೇಕೆಂಬ ಪರೀಕ್ಷೆಯನ್ನು ಅಲ್ಲಿನ ನಿಯಂತ್ರಕರು ಇಟ್ಟಿರುವುದು ಈ ಭಯದಿಂದಲೇ.

ಹಾಗಿದ್ದರೂ ತಮ್ಮ ಸಲಹೆಯನ್ನು ನಾನು ಒಪ್ಪಲಾರೆ. ನಮ್ಮ ಜಿಲ್ಲೆಯವರು ದೊಡ್ಡ ಕಾಯಿಲೆಗೆ ಮಣಿಪಾಲಕ್ಕೋ ಮಂಗಳೂರಿಗೋ ಹೋಗಬೇಕು. ವೈದ್ಯರು ನೋಡುವುದು ತಡವಾಗಿ, ಉಡುಪಿ ನಿಲ್ದಾಣಕ್ಕೆ ಬರುವಷ್ಟರಲ್ಲಿ ಟಿಕೆಟ್ ಕೊಂಡ ಕಂಪನಿಯ ರೈಲು ಹೋಗಿಬಿಟ್ಟಿದ್ದರೆ, ಎದುರಿಗೆ ನಿಂತ ಇನ್ನೊಂದು ರೈಲಿಗೆ ಹೊನ್ನಾವರದ ಬಡ ರೋಗಿಯು ಮತ್ತೆ ಟಿಕೆಟ್ ಕೊಳ್ಳಬೇಕೇ? ಲೆಕ್ಕದ ಕಷ್ಟವನ್ನು ಕಂಪನಿಗಳೇ ಹೊರಬೇಕು. ಬೋಗಿಗಳಲ್ಲಿ ನಿಯತವಾಗಿ ತಲೆ ಎಣಿಸಿ ಅಂದಾಜನ್ನು ತಿದ್ದಬೇಕು. ಎಣಿಸುವವರು ಯಾವ ಕಂಪನಿಗೂ ಸೇರದವರಾಗಿರಬೇಕು. ಅದರ ಖರ್ಚನ್ನು ಪಾಲು ಪಡೆಯುವವರೆಲ್ಲ ಭರಿಸುವಂತೆ ಪರವಾನಗಿಯಲ್ಲೇ ಬರೆದಿರಬೇಕು.

— ಸಂಪಾದಕ