ಸೆರೆಯಲ್ಲಿದ್ದ ಮಗನ ಕತೆ

ಓದುಗರ ಪತ್ರ: ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಕಿರುಬರಹ ಓದಿದೆ. 1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಸೆರೆಸಿಕ್ಕ ಅವರ ಮಗನನ್ನು ಬಿಟ್ಟುಕೊಡಲು ಪಾಕಿಸ್ತಾನದ ಆಗಿನ ಅಧ್ಯಕ್ಷ ಅಯೂಬ್ ಖಾನ್ ಮುಂದಾದಾಗ ಕಾರ್ಯಪ್ಪನವರು ಬೇಡವೆಂದರು ಎಂಬಲ್ಲಿಗೆ ಬರಹ ಮುಗಿಯುತ್ತದೆ. ನನ್ನ ಮಗನೂ ಸೇನೆಯಲ್ಲಿದ್ದಾನೆ. ಅದಕ್ಕೇ ಕೇಳುತ್ತಿದ್ದೇನೆ. ಆ ಮಗನಿಗೆ ಮುಂದೇನಾಯಿತು? ಹೆತ್ತ ತಂದೆಗೆ ಅಷ್ಟು ಕಲ್ಲು ಮನಸ್ಸು ಇರಲು ಸಾಧ್ಯವೇ?
– ಸೋಮವಾರಪೇಟೆಯ ಓದುಗರೊಬ್ಬರು

ಸಂಪಾದಕರ ಉತ್ತರ:

ತಾಯಿ, ನಿಮ್ಮ ಮೊದಲ ಪ್ರಶ್ನೆ ಬಹಳ ನ್ಯಾಯವಾದುದು. ಈ ಪ್ರಸಂಗವನ್ನು ನಮ್ಮಲ್ಲಿ ತಂದೆಯ ಕತೆಯಾಗಿಯೇ ಹೇಳಿಕೊಂಡು ಬರಲಾಗಿದೆ. ಅಯೂಬ್ ಖಾನ್ ಒಂದು ಮಾತು ಹೇಳಿದರು, ಕಾರ್ಯಪ್ಪನವರು ಅದಕ್ಕೆ ತಕ್ಕ ಉತ್ತರ ಕೊಟ್ಟರು, ಕೇಳಿದವರು ಚಪ್ಪಾಳೆ ತಟ್ಟಿದರು. ಇಬ್ಬರು ಹಿರಿಯರ ಈ ಮಾತುಕತೆಯ ಹೊತ್ತಿನಲ್ಲಿ ಬೆನ್ನುನೋವು ಹೊತ್ತು ಶತ್ರುದೇಶದಲ್ಲಿ ದಿನ ದೂಡುತ್ತಿದ್ದ ಪೈಲಟ್‌ನ ಹೆಸರು ಎಷ್ಟೋ ಮಂದಿಗೆ ಗೊತ್ತೇ ಇಲ್ಲ.

ಅವರು ಕೆ.ಸಿ. ಕಾರ್ಯಪ್ಪ. ಬಲ್ಲವರ ಬಾಯಲ್ಲಿ ನಂದಾ ಕಾರ್ಯಪ್ಪ. ಹುಟ್ಟಿದ್ದು 1938ರಲ್ಲಿ. ಭಾರತೀಯ ಭೂಸೇನೆಯ ಚುಕ್ಕಾಣಿ ಹಿಡಿದ ಮೊದಲ ಭಾರತೀಯನ ಮಗ ಭೂಸೇನೆಗೆ ಹೋಗದೆ ವಾಯುಪಡೆ ಸೇರಿದ್ದನ್ನು ನಾನು ಸಣ್ಣ ಸಂಗತಿ ಎಂದುಕೊಂಡಿಲ್ಲ. ಭೂಸೇನೆಯಲ್ಲಿ ಎಲ್ಲಿಗೆ ಹೋದರೂ ಅಪ್ಪನ ಹೆಸರು ಅವರಿಗಿಂತ ಮೊದಲೇ ಅಲ್ಲಿಗೆ ತಲುಪಿರುತ್ತಿತ್ತು. ಆಕಾಶದಲ್ಲಿ ಹಾಗಲ್ಲ. ಹಂಟರ್ ಯುದ್ಧವಿಮಾನದಲ್ಲಿ ಒಬ್ಬರಿಗಷ್ಟೇ ಜಾಗ. ಕೋವಿ, ಇಂಧನ, ದಿಕ್ಕು, ನಿರ್ಧಾರ ಎಲ್ಲವನ್ನೂ ಆ ಒಬ್ಬರೇ ನೋಡಿಕೊಳ್ಳಬೇಕು.

1965ರ ಸೆಪ್ಟೆಂಬರ್ 22ರಂದು ನಂದಾ ಪಂಜಾಬಿನ ಹಲ್ವಾರಾ ನೆಲೆಯಿಂದ ಹೊರಟರು. ಗಡಿಯಾಚೆಗಿನ ನೆಲದ ಗುರಿಗಳ ಮೇಲೆ ದಾಳಿ ಮಾಡುವ ಕೆಲಸ. ಹಂಟರ್‌ನ ಮೂತಿಯಲ್ಲಿ 30 ಮಿಲಿಮೀಟರ್‌ನ ನಾಲ್ಕು ಫಿರಂಗಿಗಳಿರುತ್ತವೆ. ಅವುಗಳನ್ನು ಗುರಿಯಿಟ್ಟು ಹಾರಿಸಲು ವಿಮಾನ ನೆಲದ ಹತ್ತಿರಕ್ಕೆ ಎರಗಬೇಕು. ಹಾಗೆ ಎರಗಿದಾಗ ಕೆಳಗಿನ ವಿಮಾನ ನಿರೋಧಕ ಕೋವಿಗಳಿಗೂ ಅದು ಸಿಗುವಷ್ಟು ಹತ್ತಿರವಾಗುತ್ತದೆ. ನಂದಾ ಅವರ ವಿಮಾನಕ್ಕೆ ಗುಂಡು ತಗುಲಿ ಬೆಂಕಿ ಹೊತ್ತಿಕೊಂಡಿತು. ಅವರು ಹೊರಚಿಮ್ಮಿದರು.

ಹೊರಚಿಮ್ಮುವುದೆಂದರೆ ಪ್ಯಾರಾಚೂಟ್ ಬಿಚ್ಚಿಕೊಂಡು ಹಾಯಾಗಿ ತೇಲುವುದಷ್ಟೇ ಎಂದು ನಾವು ಅಂದುಕೊಳ್ಳುತ್ತೇವೆ. ಆ ಕಾಲದ ಆಸನಗಳಲ್ಲಿ ಸಿಡಿಮದ್ದು ತುಂಬಿದ ತೋಟಾ ಇರುತ್ತಿತ್ತು. ಹಿಡಿ ಎಳೆದ ಕೂಡಲೇ ಅದು ಸಿಡಿದು ಕುಳಿತವನನ್ನು ಆಸನದ ಸಮೇತ ಮೇಲಕ್ಕೆ ಎಸೆಯುತ್ತಿತ್ತು. ಆ ಹೊಡೆತವನ್ನೆಲ್ಲ ತಾಳಿಕೊಳ್ಳಬೇಕಾದದ್ದು ಬೆನ್ನುಮೂಳೆ. ಜೀವ ಉಳಿದರೂ ಎಷ್ಟೋ ಪೈಲಟ್‌ಗಳ ಬೆನ್ನು ಮೊದಲಿನಂತೆ ಆಗಲಿಲ್ಲ. ನಂದಾ ಅವರಿಗೂ ಬೆನ್ನಿಗೇ ಪೆಟ್ಟಾಯಿತು. ಇಳಿದದ್ದು ಪಾಕಿಸ್ತಾನದ ನೆಲದಲ್ಲಿ. ಮರುದಿನ ನಸುಕಿನ 3.30ಕ್ಕೆ ಕದನವಿರಾಮ ಜಾರಿಗೆ ಬಂತು. ಯುದ್ಧ ಇನ್ನೊಂದು ದಿನ ಮೊದಲೇ ನಿಂತಿದ್ದರೆ ನಾನು ಈ ಉತ್ತರ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

1949ರ ಜಿನೀವಾ ಒಪ್ಪಂದದ ಪ್ರಕಾರ ಯುದ್ಧಕೈದಿ ಹೇಳಬೇಕಾದದ್ದು ನಾಲ್ಕೇ ವಿಷಯ: ಹೆಸರು, ಹುದ್ದೆ, ಹುಟ್ಟಿದ ದಿನ, ಸೇನೆಯ ಸಂಖ್ಯೆ. ಅದಕ್ಕಿಂತ ಹೆಚ್ಚಿಗೆ ಬಾಯಿ ಬಿಡಬೇಕಾಗಿಲ್ಲ. ನಂದಾ ಅವರ ಪಾಲಿಗೆ ಹೆಸರೇ ಎಲ್ಲವನ್ನೂ ಹೇಳಿಬಿಟ್ಟಿತು. ದೇಶ ಇಬ್ಭಾಗವಾಗುವ ಮೊದಲು ಅಯೂಬ್ ಖಾನ್ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಕೈದಿ ಯಾರೆಂದು ತಿಳಿದ ಮೇಲೆ ಆತ ಕ್ಷೇಮವಾಗಿರುವುದನ್ನು ರೇಡಿಯೋ ಪಾಕಿಸ್ತಾನ ಸಾರಿತು. ಆಗ ದೆಹಲಿಯಲ್ಲಿದ್ದ ಪಾಕಿಸ್ತಾನದ ಹೈಕಮಿಷನರ್ ಮೂಲಕ ತಂದೆಗೆ ಸಂದೇಶ ಹೋಯಿತು. ಅಯೂಬ್ ಅವರ ಪತ್ನಿ ಹಿರಿಯ ಮಗನನ್ನು ಕರೆದುಕೊಂಡು ಆಸ್ಪತ್ರೆಗೆ ಬಂದರು. ಕೈಯಲ್ಲಿ ಸ್ಟೇಟ್ ಎಕ್ಸ್‌ಪ್ರೆಸ್ ಸಿಗರೇಟಿನ ಪೊಟ್ಟಣ, ಜೊತೆಗೆ ಒಂದು ಇಂಗ್ಲಿಷ್ ಹಾಸ್ಯ ಕಾದಂಬರಿ. ಇದನ್ನು ನಾಟಕವೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಒಂದೇ ಸೇನೆಯಲ್ಲಿ ದುಡಿದವರ ನಡುವೆ ಗಡಿ ಬಿದ್ದು ಆಗಿನ್ನೂ 18 ವರ್ಷ. ಆ ಮಮತೆಯಲ್ಲಿ ನಿಜವಿತ್ತು. ಆದರೆ ಅದು ಒಬ್ಬನಿಗಷ್ಟೇ ಸಿಕ್ಕ ಮಮತೆ.

ಇಲ್ಲಿಂದ ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. ಕಾರ್ಯಪ್ಪನವರು ಕೊಟ್ಟ ಉತ್ತರ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ರೀತಿ ಕೇಳಿಬರುತ್ತದೆ. ಸಾರ ಮಾತ್ರ ಒಂದೇ: ಬಿಡುವುದಾದರೆ ಎಲ್ಲರನ್ನೂ ಬಿಡಿ, ಇವನೊಬ್ಬನಿಗೆ ವಿಶೇಷ ಉಪಚಾರ ಬೇಡ. ನೀವು ಇದನ್ನು ತಂದೆಯೊಬ್ಬ ಮಗನಿಗೆ ಹೇಳಿದ ಮಾತೆಂದು ಓದಿದ್ದೀರಿ. ಅದೇ ಸೆರೆಯಲ್ಲಿದ್ದ ಇನ್ನೊಬ್ಬ ಸಿಪಾಯಿಯ ತಾಯಿಯ ಜಾಗದಲ್ಲಿ ನಿಂತು ಒಮ್ಮೆ ನೋಡಿ. ಆಕೆಯ ಮಗನ ಹೆಸರನ್ನು ರೇಡಿಯೋ ಹೇಳುವುದಿಲ್ಲ, ಆಕೆಯ ಮನೆಗೆ ಹೈಕಮಿಷನರ್ ಸಂದೇಶ ಬರುವುದಿಲ್ಲ. ಆಕೆಯ ಪರವಾಗಿ ಮಾತಾಡಬಲ್ಲ ಸ್ಥಾನದಲ್ಲಿದ್ದ ಒಬ್ಬರು ಕಾರ್ಯಪ್ಪನವರು, ಅವರು ಮಾತಾಡಿದರು. ಕೈದಿಗಳ ನಡುವೆ ಭೇದ ಎಣಿಸಕೂಡದು ಎಂದು ಜಿನೀವಾ ಒಪ್ಪಂದದ 16ನೇ ವಿಧಿಯೂ ಹೇಳುತ್ತದೆ. ಹುದ್ದೆ, ವಯಸ್ಸು, ಆರೋಗ್ಯ ನೋಡಿ ನಡೆಸಿಕೊಳ್ಳುವುದಕ್ಕೆ ಅದರಲ್ಲಿ ಅವಕಾಶವಿದೆ. ತಂದೆ ಯಾರೆಂದು ನೋಡಿ ನಡೆಸಿಕೊಳ್ಳುವುದಕ್ಕೆ ಇಲ್ಲ.

ಕಲ್ಲು ಮನಸ್ಸು ಎಂಬ ಮಾತು ನನಗೆ ಒಪ್ಪಿಗೆಯಾಗದಿರಲು ಇನ್ನೂ ಒಂದು ಕಾರಣವಿದೆ. ಕಾರ್ಯಪ್ಪ ದಂಪತಿ 1945ರಲ್ಲಿ ಬೇರೆಯಾಗಿದ್ದರು. ಕೆಲವೇ ವರ್ಷಗಳಲ್ಲಿ ಮಕ್ಕಳ ತಾಯಿ ಅಪಘಾತದಲ್ಲಿ ತೀರಿಕೊಂಡರು. ಆಗ ನಂದಾ ಹತ್ತು ವರ್ಷದ ಆಸುಪಾಸಿನ ಹುಡುಗ. ಅವರನ್ನೂ ತಂಗಿಯನ್ನೂ ಬೆಳೆಸಿದವರು ತಂದೆಯೇ. ಆ ಮನೆಯ ರೀತಿ ಎಂಥದ್ದು ಎಂಬುದಕ್ಕೆ ನಂದಾ ಅವರೇ ಹೇಳಿದ ಪ್ರಸಂಗವೊಂದಿದೆ. ತಂದೆ ದೆಹಲಿಯಲ್ಲಿ ಮಹಾದಂಡನಾಯಕರಾಗಿದ್ದ ದಿನಗಳು. ಶಾಲೆಯಿಂದ ಮಕ್ಕಳನ್ನು ಕರೆತರುವ ಸೇನೆಯ ಲಾರಿ ಒಂದು ದಿನ ಬರಲಿಲ್ಲ. ತಂದೆಯ ಆಪ್ತ ಅಧಿಕಾರಿ ಒಳ್ಳೆಯ ಮನಸ್ಸಿನಿಂದಲೇ ಸರ್ಕಾರಿ ಕಾರು ಕಳುಹಿಸಿ ಹುಡುಗನನ್ನು ಮನೆ ಸೇರಿಸಿದರು. ಕೆಲವು ದಿನಗಳ ನಂತರ ಬೆಳಗಿನ ಉಪಾಹಾರದ ಹೊತ್ತಿನಲ್ಲಿ ಈ ಮಾತು ಬಂದಾಗ ಕಾರ್ಯಪ್ಪನವರು ಕೆಂಡವಾದರು. ಅಧಿಕಾರಿಗೆ ಬೈಗುಳ ಬಿತ್ತು. ಕಾರು ಓಡಿದ್ದಕ್ಕೆ ಬಿಲ್ಲು ಮಾಡಿಸಿ, ಹಣವನ್ನು ತಮ್ಮ ಸ್ವಂತ ಖಾತೆಯಿಂದ ಕಟ್ಟಿಸಿದರು. ಶಾಲೆಯಿಂದ ಮನೆಗೆ ಬರುವಷ್ಟು ದಾರಿಗೂ ತನ್ನ ಸ್ಥಾನದ ಲಾಭ ಮಗನಿಗೆ ತಾಗಬಾರದು ಎಂದುಕೊಂಡಿದ್ದ ಮನುಷ್ಯ, ಮಗನ ಬಿಡುಗಡೆಗಾಗಿ ಅದೇ ಸ್ಥಾನವನ್ನು ಬಳಸುತ್ತಿದ್ದರೇ? ನಂದಾ ಅವರಿಗೂ ತಂದೆಯ ಉತ್ತರ ಅನಿರೀಕ್ಷಿತವಾಗಿರಲಾರದು ಎಂದು ನನ್ನ ಎಣಿಕೆ. ಅವರು ಬೆಳೆದದ್ದೇ ಆ ಉತ್ತರದೊಳಗೆ.

ಮುಂದೇನಾಯಿತು ಎಂದು ಕೇಳಿದ್ದೀರಿ. ಒಂಟಿಯಾಗಿ ಇರಿಸಿದ್ದ ದಿನಗಳನ್ನೂ ಕಳೆದು, ಸುಮಾರು ನಾಲ್ಕು ತಿಂಗಳ ಸೆರೆಯ ನಂತರ, 1966ರ ಜನವರಿಯಲ್ಲಿ ಅವರು ಮರಳಿದರು. ಆ ತಿಂಗಳ 10ರಂದು ತಾಷ್ಕೆಂಟಿನಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರೂ ಅಯೂಬ್ ಖಾನರೂ ಸಹಿ ಹಾಕಿದ ಘೋಷಣೆಯಲ್ಲಿ ಯುದ್ಧಕೈದಿಗಳನ್ನು ಮರಳಿ ಕಳುಹಿಸುವ ಮಾತೂ ಇತ್ತು. ನಂದಾ ವಾಯುಪಡೆಯಲ್ಲಿಯೇ ಮುಂದುವರಿದು ಏರ್ ಮಾರ್ಷಲ್ ಆಗಿ ನಿವೃತ್ತರಾದರು. ಸೆರೆಯಿಂದ ಬಂದವನ ಬದುಕು ಸೆರೆಯೊಂದಿಗೇ ಮುಗಿದುಹೋಗುತ್ತದೆ ಎಂಬ ಭಯ ನಿಮ್ಮ ಪತ್ರದ ಸಾಲುಗಳ ನಡುವೆ ನನಗೆ ಕಂಡಿತು. ಅದಕ್ಕೇ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ತಂದೆಯ ಜೀವನಚರಿತ್ರೆಯನ್ನು ಬರೆದವರೂ ಅವರೇ. ಹಾಗಾಗಿ ಈ ಪ್ರಸಂಗದಲ್ಲಿ ತಂದೆ ಮುಂದೆ, ಮಗ ಹಿಂದೆ ನಿಂತದ್ದರಲ್ಲಿ ಮಗನ ಕೈಯೂ ಇದೆ.

ಆದರೆ ಅದೇ ಯುದ್ಧದ ಇನ್ನೊಬ್ಬ ಕೊಡವ ಪೈಲಟ್‌ನನ್ನು ನೆನೆಯದೆ ಈ ಉತ್ತರ ಮುಗಿಸಲಾರೆ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು ಮರಳಲಿಲ್ಲ. ಅವರ ಮಿಸ್ಟೇರ್ ವಿಮಾನ ಪಾಕಿಸ್ತಾನದ ಸ್ಟಾರ್‌ಫೈಟರ್‌ಗಿಂತ ಎಷ್ಟೋ ನಿಧಾನದ್ದು. ಆದರೂ ಎದುರಾದ ಸ್ಟಾರ್‌ಫೈಟರ್ ಅನ್ನು ಹೊಡೆದುರುಳಿಸಿ ತಾವೂ ಬಿದ್ದರು. ಸ್ಟಾರ್‌ಫೈಟರ್‌ನ ಪೈಲಟ್ ಹೊರಚಿಮ್ಮಿ ಬದುಕಿದರು. ದೇವಯ್ಯನವರ ಮನೆಗೆ ಮಾತ್ರ ಯಾವ ರೇಡಿಯೋ ಸುದ್ದಿಯೂ ಬರಲಿಲ್ಲ. ಕಾಣೆಯಾದವರು ಎಂದಷ್ಟೇ ದಾಖಲಾಯಿತು. ಅವರು ಹೋರಾಡಿ ಮಡಿದ ಬಗೆ ಹೊರಗೆ ಬರಲು ಹತ್ತಾರು ವರ್ಷ ಹಿಡಿಯಿತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ.

ಮಗ ಸೇನೆಯಲ್ಲಿರುವ ನಿಮಗೆ ಇದನ್ನು ಬರೆಯುವಾಗ ಕೈ ತಡೆಯಿತು. ಆದರೂ ಕೈದಿಯ ಹೆಸರು ಬೇಗ ದಾಖಲಾಗಬೇಕು, ಮನೆಗೆ ಸುದ್ದಿ ತಲುಪಬೇಕು ಎಂಬ ನಿಯಮ ಯಾರಿಗಾಗಿ ಇದೆ ಎಂಬುದು ನಿಮಗಿಂತ ಚೆನ್ನಾಗಿ ಬೇರೆ ಯಾರಿಗೆ ಅರ್ಥವಾದೀತು? ಸೆರೆಸಿಕ್ಕ ಕೂಡಲೇ, ತಡವೆಂದರೆ ಶಿಬಿರ ತಲುಪಿದ ಒಂದು ವಾರದೊಳಗೆ, ಮನೆಗೊಂದು ಕಾರ್ಡು ಬರೆಯಲು ಕೈದಿಗೆ ಅವಕಾಶ ಕೊಡಬೇಕೆಂದು ಅದೇ ಒಪ್ಪಂದದ 70ನೇ ವಿಧಿ ಹೇಳುತ್ತದೆ. ಫೀಲ್ಡ್ ಮಾರ್ಷಲ್‌ನ ಮಗನಿಗೂ ನಿಮ್ಮ ಮಗನಿಗೂ ಅದು ಒಂದೇ.

ಮುಂದಿನ ಸಂಚಿಕೆಯಲ್ಲಿ ದೇವಯ್ಯನವರ ಬಗ್ಗೆ ದೀರ್ಘ ಬರಹ ಬರಲಿದೆ. ನಿಮ್ಮ ಊರಿನ ಕಡೆ 1965ರ ಯುದ್ಧಕ್ಕೆ ಹೋಗಿಬಂದ ಹಿರಿಯರಿದ್ದರೆ ಅವರಿಗೆ ಓದಲು ಕೊಡಿ. ಅವರು ಹೇಳಿದ್ದನ್ನು ನಮಗೆ ಬರೆದು ಕಳುಹಿಸಿದರೆ ಖಂಡಿತ ಪ್ರಕಟಿಸುತ್ತೇವೆ.